ಮನೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಬೇಕೆ?

೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖು ಮೈಕ್ರೊಸಾಫ್ಟ್ ಕಂಪೆನಿಯವರು ತಮ್ಮ ‘ವಿಂಡೋಸ್ ೧೦’ ಎಂಬ ವ್ಯವಸ್ಥೆಗೆ ಕೊಡುತ್ತಿದ್ದ ಪೋಷಣೆಯನ್ನು ನಿಲ್ಲಿಸಿದರು. ಆ ಸಮಾಚಾರ ಹರಡಿದಂದಿನಿಂದ ಕಂಪ್ಯೂಟರುಳ್ಳ ಮನೆಗಳಲ್ಲಿ ಹೆಚ್ಚು ಕಡಮೆ ಒಂದೇ ಬಗೆಯ ಮಾತು ನಡೆದಿದೆ. ಮಗನು, ಹೊಸ ಯಂತ್ರವನ್ನೇ ಕೊಂಡುಬಿಡೋಣವೆನ್ನುವನು. ತಂದೆಯವರು, ದೀಪ ಹತ್ತುತ್ತದೆ, ಅಕ್ಷರ ಮೂಡುತ್ತದೆ, ಇನ್ನೇನು ಬೇಕೆನ್ನುವರು. ಬೀದಿಯ ಕೊನೆಯಲ್ಲಿರುವ ದುರಸ್ತಿಯ ಅಂಗಡಿಯವನು, ಯಂತ್ರವನ್ನು ಸಂಜೆಯವರೆಗೆ ಬಿಟ್ಟುಹೋಗಿ, ಹೊಸದನ್ನು ಹಾಕಿಕೊಡುತ್ತೇನೆನ್ನುವನು. ಮೂವರ ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ದಿಟವುಂಟು. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮೂವರೂ ಕೇಳಲಿಲ್ಲ. ಈ ಯಂತ್ರದೊಳಗೆ ನಾವು ಏನನ್ನು ಇಟ್ಟಿದ್ದೇವೆ? ಇದರ ಮೂಲಕ ಮನೆಯೊಳಕ್ಕೆ ಏನು ಬರುತ್ತದೆ, ಮನೆಯಿಂದಾಚೆಗೆ ಏನು ಹೋಗುತ್ತದೆ? ಇದನ್ನು ಗೊತ್ತುಮಾಡಿಕೊಂಡ ಗೃಹಸ್ಥನಿಗೆ ಮಿಕ್ಕ ತೀರ್ಮಾನ ಅಷ್ಟೇನೂ ಕಷ್ಟವಾಗದು.

ಆಪರೇಟಿಂಗ್ ಸಿಸ್ಟಮ್ ಎಂದರೇನೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಆದರೂ ಮುಂದಿನ ವಿಷಯಕ್ಕೆ ಬೇಕಾದುದರಿಂದ ಎರಡು ಮಾತು ಹೇಳುವೆವು. ದೊಡ್ಡದೊಂದು ದೇವಸ್ಥಾನಕ್ಕೆ ಪಾರುಪತ್ತೇಗಾರನಿರುವಂತೆ ಕಂಪ್ಯೂಟರಿಗೆ ಇದು. ಉಗ್ರಾಣದ ಬೀಗದ ಕೈ ಇವನಲ್ಲಿ. ಯಾರಿಗೆ ಎಷ್ಟು ಪಡಿ ಅಳೆಯಬೇಕು, ಯಾರು ಯಾವ ಬಾಗಿಲಿನಿಂದ ಒಳಕ್ಕೆ ಬರಬಹುದು ಎಂಬ ವಿಚಾರಣೆ ಇವನದು. ಪತ್ರ ಬರೆಯುವ ತಂತ್ರಾಂಶವಾಗಲಿ, ಲೆಕ್ಕದ ತಂತ್ರಾಂಶವಾಗಲಿ ಇವನ ಅಪ್ಪಣೆಯಿಲ್ಲದೆ ಒಂದು ಅಕ್ಷರವನ್ನೂ ತೆರೆಯ ಮೇಲೆ ಮೂಡಿಸಲಾರದು. ಇಂತಹ ವ್ಯವಸ್ಥೆಯು ಕೋಟಿಗಟ್ಟಲೆ ಸಾಲುಗಳ ಬರವಣಿಗೆಯಿಂದಾದುದು; ಮನುಷ್ಯರು ಬರೆದುದು; ಆದುದರಿಂದ ಅದರಲ್ಲಿ ದೋಷಗಳು ಇದ್ದೇ ಇರುವುವು. ಕೆಲವು ದೋಷಗಳು ಬರಿಯ ತೊಡಕುಗಳು. ಮತ್ತೆ ಕೆಲವು ಗೋಡೆಯಲ್ಲಿನ ಕಂಡಿಗಳಂತೆ. ಅವುಗಳಲ್ಲಿ ಕಳ್ಳನು ನುಸುಳಬಹುದು. ಇಂತಹವು ಗೊತ್ತಾದ ಹಾಗೆಲ್ಲ ಕಂಪೆನಿಯವರು ಮುಚ್ಚಿಗೆಗಳನ್ನು ಕಳುಹಿಸುತ್ತಾರೆ. ೨೦೦೩ರಿಂದೀಚೆಗೆ ಪ್ರತಿ ತಿಂಗಳ ಎರಡನೆಯ ಮಂಗಳವಾರ ಇದಕ್ಕೆ ಗೊತ್ತಾದ ದಿನವಾಗಿದೆ.

ನಿಂತುಹೋದದ್ದು ಈ ಮುಚ್ಚಿಗೆಗಳ ಸರಬರಾಯಿ, ಯಂತ್ರವಲ್ಲ. ಅಕ್ಟೋಬರ್ ೧೫ರ ಬೆಳಗ್ಗೆಯೂ ಹಳೆಯ ಕಂಪ್ಯೂಟರುಗಳು ಹಿಂದಿನ ದಿನದಂತೆಯೇ ಕಣ್ತೆರೆದುವು. ತಂದೆಯವರ ಮಾತಿನಲ್ಲಿ ದಿಟವಿದೆಯೆಂದದ್ದು ಇದಕ್ಕೆ. ಹಾಗಾದರೆ ಭಯವೇನು? ಭಯವು ಸ್ವಲ್ಪ ಸೂಕ್ಷ್ಮವಾದುದು. ವಿಂಡೋಸ್ ೧೦ ಮತ್ತು ಅದರ ತಮ್ಮನಾದ ವಿಂಡೋಸ್ ೧೧, ಈ ಎರಡರ ಒಳಗಿನ ಬರವಣಿಗೆಯಲ್ಲಿ ಬಹುಭಾಗ ಒಂದೇ. ತಮ್ಮನಲ್ಲಿ ಕಂಡಿಯೊಂದು ಸಿಕ್ಕಿ ಅದಕ್ಕೆ ಮುಚ್ಚಿಗೆ ಬಂದಿತೆನ್ನಿ. ಆ ಮುಚ್ಚಿಗೆಯನ್ನು ಬಿಚ್ಚಿ ನೋಡುವ ಕುಶಲರಿಗೆ ಕಂಡಿಯಿದ್ದ ಜಾಗವೂ ಅದರ ಅಳತೆಯೂ ತಿಳಿದುಹೋಗುವುದು. ಅದೇ ಜಾಗದಲ್ಲಿ ಅದೇ ಅಳತೆಯ ಕಂಡಿ ಅಣ್ಣನಲ್ಲಿಯೂ ಇದ್ದರೆ, ಅಲ್ಲಿ ಅದನ್ನು ಮುಚ್ಚುವವರಿಲ್ಲ. ಹೀಗೆ ತಿಂಗಳು ತಿಂಗಳಿಗೂ ಕಂಡಿಗಳ ಪಟ್ಟಿ ಬೆಳೆಯುತ್ತದೆ. ಮೊದಲ ತಿಂಗಳಲ್ಲಿ ಅಪಾಯ ಅಲ್ಪ. ಮೂರನೆಯ ವರ್ಷದಲ್ಲಿ ಅಲ್ಪವಲ್ಲ.

ಇದು ಬರಿಯ ಬೆದರಿಕೆಯ ಮಾತಲ್ಲವೆಂಬುದಕ್ಕೆ ೨೦೧೭ರ ಮೇ ೧೨ನೆಯ ತಾರೀಖಿನ ಪ್ರಸಂಗವನ್ನು ನೆನೆಯಬಹುದು. ಅಂದು ಶುಕ್ರವಾರ. ‘ವಾನ್ನಾಕ್ರೈ’ ಎಂಬ ಹೆಸರಿನ ದುಷ್ಟ ತಂತ್ರಾಂಶವು ವಿಂಡೋಸಿನ ಒಂದು ಕಂಡಿಯ ಮೂಲಕ ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಿಯುತ್ತ, ಕೆಲವೇ ದಿನಗಳಲ್ಲಿ ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮೇಲ್ಪಟ್ಟ ಕಂಪ್ಯೂಟರುಗಳನ್ನು ಹಿಡಿಯಿತು. ಒಳಗಿದ್ದ ಕಡತಗಳೆಲ್ಲವನ್ನೂ ಬೀಗ ಹಾಕಿದಂತೆ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಳ್ಳಬೇಕಾದರೆ ೩೦೦ ಡಾಲರುಗಳನ್ನು ತೆರಬೇಕೆಂದು ತೆರೆಯ ಮೇಲೆ ಬರೆಯಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆಗಳು ಸಿಕ್ಕದೆ ಸಾವಿರಾರು ಭೇಟಿಗಳನ್ನೂ ಶಸ್ತ್ರಚಿಕಿತ್ಸೆಗಳನ್ನೂ ಮುಂದೂಡಬೇಕಾಯಿತು. ಆ ಕಂಡಿಗೆ ಕಂಪೆನಿಯವರು ಅದೇ ವರ್ಷದ ಮಾರ್ಚ್ ೧೪ರಂದೇ ಮುಚ್ಚಿಗೆ ಕಳುಹಿಸಿದ್ದರು. ೨೦೧೪ರ ಏಪ್ರಿಲಿನಲ್ಲಿಯೇ ಪೋಷಣೆ ನಿಂತಿದ್ದ ವಿಂಡೋಸ್ ಎಕ್ಸ್‌ಪಿಗೂ ಕೂಡ, ಅನಾಹುತವಾದ ಮೇಲೆ, ನಿಯಮವನ್ನು ಬದಿಗಿಟ್ಟು ಒಂದು ಮುಚ್ಚಿಗೆ ಕೊಟ್ಟರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸಿ, ಹಳೆಯ ಎಕ್ಸ್‌ಪಿಯನ್ನು ಇಟ್ಟುಕೊಂಡಿದ್ದವರಿಗೆ ತಕ್ಕ ಶಾಸ್ತಿಯಾಯಿತೆನ್ನುವರು. ಅದು ಸರಿಯಲ್ಲ. ಅಂದು ಸಿಕ್ಕಿಬಿದ್ದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ ೭ ಇದ್ದವು. ಅದಕ್ಕೆ ಆಗ ಪೋಷಣೆ ನಡೆದೇ ಇದ್ದಿತು. ಮುಚ್ಚಿಗೆಯು ಎರಡು ತಿಂಗಳಿಂದ ಬಾಗಿಲಲ್ಲಿ ಬಂದು ಕಾದಿದ್ದರೂ ಅದನ್ನು ಒಳಕ್ಕೆ ಕರೆದಿರಲಿಲ್ಲ, ಅಷ್ಟೆ. ‘ಆಮೇಲೆ ನೆನಪಿಸು’ ಎಂಬ ಗುಂಡಿಯನ್ನು ಪ್ರತಿ ರಾತ್ರಿಯೂ ಒತ್ತುವ ಮನೆಯಲ್ಲಿ ಹೊಸ ವಿಂಡೋಸನ್ನು ತಂದಿಟ್ಟರೂ ಪ್ರಯೋಜನ ಕಡಮೆ.

ಇನ್ನು ನಮ್ಮ ಯಂತ್ರವು ಹೊಸದನ್ನು ಹೊರಬಲ್ಲುದೇ ಎಂಬ ವಿಚಾರ. ಹಿಂದಿನ ಬದಲಾವಣೆಗಳಲ್ಲಿ ಈ ಪ್ರಶ್ನೆ ಇಷ್ಟು ಬಿಗಿಯಾಗಿರಲಿಲ್ಲ. ೨೦೧೫ರ ಜುಲೈ ೨೯ರಂದು ವಿಂಡೋಸ್ ೧೦ ಹೊರಬಿದ್ದಾಗ, ವಿಂಡೋಸ್ ೭ ಇದ್ದ ಯಂತ್ರಗಳಲ್ಲಿ ಬಹುಪಾಲು ಅದನ್ನು ಹೇಗೋ ಹೊತ್ತುಕೊಂಡವು. ಒಂದು ವರ್ಷ ಪರ್ಯಂತ ಅದನ್ನು ಬಿಟ್ಟಿಯಾಗಿಯೇ ಹಂಚಿದರು. ಆ ವರ್ಷ ಕಂಪೆನಿಯ ನೌಕರರೊಬ್ಬರು ಸಭೆಯೊಂದರಲ್ಲಿ ಇದೇ ಕಡೆಯ ವಿಂಡೋಸ್ ಎಂದುಬಿಟ್ಟಿದ್ದರು. ಜನರು ಆ ಮಾತನ್ನು ನಂಬಿ ನೆಮ್ಮದಿಯಿಂದಿದ್ದರು. ಆರು ವರ್ಷಗಳ ಮೇಲೆ, ೨೦೨೧ರ ಅಕ್ಟೋಬರ್ ೫ರಂದು, ವಿಂಡೋಸ್ ೧೧ ಬಂದಿತು. ಬರುವಾಗ ಕೆಲವು ಕರಾರುಗಳನ್ನೂ ತಂದಿತು.

ಮೊದಲ ಕರಾರು ‘ಟಿಪಿಎಂ ೨.೦’ ಎಂಬುದು. ಇದು ಗುಪ್ತಸಂಕೇತಗಳನ್ನು ಬೇರೆಯಾಗಿ ಬಚ್ಚಿಡುವ ಸಣ್ಣದೊಂದು ಭದ್ರ ಪೆಟ್ಟಿಗೆ. ಕೆಲವು ಯಂತ್ರಗಳಲ್ಲಿ ಪ್ರತ್ಯೇಕ ಬಿಲ್ಲೆಯಾಗಿ, ಹಲವುಗಳಲ್ಲಿ ಪ್ರೊಸೆಸರಿನ ಒಳಗೇ ಅಡಗಿರುವುದು. ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಯಂತ್ರಗಳಲ್ಲಿ ಪೆಟ್ಟಿಗೆಯಿದ್ದೂ ಅದು ಮುಚ್ಚಿದ ಸ್ಥಿತಿಯಲ್ಲಿರುವುದುಂಟು; ಬಲ್ಲವರು ‘ಬಯಾಸ್’ ಎಂಬ ಮೂಲ ವ್ಯವಸ್ಥೆಯೊಳಕ್ಕೆ ಹೋಗಿ ಅದನ್ನು ತೆರೆಯಬಹುದು. ಎರಡನೆಯ ಕರಾರು ಪ್ರೊಸೆಸರಿನ ಪೀಳಿಗೆ. ಇಂಟೆಲ್ಲಿನದಾದರೆ ಸ್ಥೂಲವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಈಚಿನದು, ಎಂದರೆ ೨೦೧೭ರ ಕೊನೆಯ ಭಾಗದಿಂದೀಚೆಗೆ ಬಂದದ್ದು ಆಗಿರಬೇಕು. ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಎಂಬಲ್ಲಿ, ‘ಅಬೌಟ್’ ಎಂಬ ಪುಟವನ್ನು ನೋಡಿದರೆ ಪ್ರೊಸೆಸರಿನ ಹೆಸರು ಕಾಣುತ್ತದೆ. ಅಲ್ಲಿ ‘ಐ೫’ ಎಂಬುದರ ಮುಂದೆ ೬೨೦೦ ಎಂದಿದ್ದರೆ ಅದು ಆರನೆಯ ಪೀಳಿಗೆ. ೮೨೫೦ ಎಂದಿದ್ದರೆ ಎಂಟನೆಯದು. ಇಷ್ಟೂ ತಲೆನೋವು ಬೇಡವೆನ್ನುವವರಿಗೆ ‘ಪಿಸಿ ಹೆಲ್ತ್ ಚೆಕ್’ ಎಂಬ ಪರೀಕ್ಷೆಯ ತಂತ್ರಾಂಶವನ್ನು ಕಂಪೆನಿಯವರೇ ಬಿಟ್ಟಿ ಕೊಡುತ್ತಾರೆ. ಅದು ಹೌದು ಅಥವಾ ಅಲ್ಲವೆಂದು ನೇರವಾಗಿ ಹೇಳುತ್ತದೆ.

ಅದು ಹೌದೆಂದರೆ ವಿಷಯ ಬಹುಮಟ್ಟಿಗೆ ಮುಗಿದಂತೆ. ನ್ಯಾಯವಾದ ಪರವಾನಗಿಯುಳ್ಳ ವಿಂಡೋಸ್ ೧೦ರಿಂದ ೧೧ಕ್ಕೆ ಏರಲು ದುಡ್ಡು ಕೊಡಬೇಕಾಗಿಲ್ಲ. ಕಡತಗಳೂ ತಂತ್ರಾಂಶಗಳೂ ಇದ್ದಲ್ಲಿಯೇ ಇರುವುವು. ಏರಿದ ಮೇಲೆ ಮನಸ್ಸಿಗೆ ಬಾರದಿದ್ದರೆ ೧೦ ದಿನಗಳೊಳಗೆ ಹಿಂದಿನದಕ್ಕೆ ಮರಳಲೂಬಹುದು. ಮನೆಯ ಹಿರಿಯರು ಮೊದಲ ವಾರ ಸ್ವಲ್ಪ ಗೊಣಗುವರು; ಎಡಗಡೆಯ ಮೂಲೆಯಲ್ಲಿದ್ದ ಗುಂಡಿ ನಡುವಿಗೆ ಸರಿದಿರುವುದೇ ಅದಕ್ಕೆ ಕಾರಣ. ಅದನ್ನು ಸೆಟ್ಟಿಂಗ್ಸಿನಲ್ಲಿ ಮತ್ತೆ ಎಡಕ್ಕೆ ತಳ್ಳಿಕೊಡಬಹುದು. ಇಂತಹ ಮನೆಗಳಿಗೆ ನಮ್ಮ ಸಲಹೆ ಏರುವುದೇ.

ಕಷ್ಟವಿರುವುದು ಅಲ್ಲವೆಂಬ ಉತ್ತರ ಬಂದವರಿಗೆ. ಎಂಟು ಹತ್ತು ವರ್ಷಗಳ ಕೆಳಗೆ ಒಳ್ಳೆಯ ಬೆಲೆ ಕೊಟ್ಟು ತಂದ, ಇಂದಿಗೂ ಕುಂದಿಲ್ಲದೆ ನಡೆಯುವ ಯಂತ್ರವನ್ನು ಒಂದು ಪಟ್ಟಿಯಲ್ಲಿ ಹೆಸರಿಲ್ಲವೆಂಬ ಕಾರಣಕ್ಕೆ ಹಳತೆನ್ನುವುದು ಗೃಹಸ್ಥನಿಗೆ ಅನ್ಯಾಯವೆಂದೇ ತೋರುವುದು. ನಮಗೂ ಹಾಗೆಯೇ ತೋರುತ್ತದೆ. ಕಂಪೆನಿಯವರು ಭದ್ರತೆಯ ಕಾರಣವನ್ನು ಹೇಳುವರು, ಅದರಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಹೊಸ ಯಂತ್ರಗಳ ವ್ಯಾಪಾರಕ್ಕೆ ಅದರಿಂದ ನಷ್ಟವೇನೂ ಇಲ್ಲವೆಂಬುದು ಯಾರಿಗೂ ತಿಳಿಯದ ವಿಷಯವಲ್ಲ.

ಈ ಸ್ಥಿತಿಯಲ್ಲಿದ್ದ ಒಂದು ಮನೆಯ ವಿಚಾರವನ್ನು ಇಲ್ಲಿ ಹೇಳುವುದು ಯುಕ್ತವೆಂದು ತೋರುತ್ತದೆ. ನಮಗೆ ಪರಿಚಿತರಾದ ವೃದ್ಧರೊಬ್ಬರು, ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರ ತಾಯಿಯವರು ಮದುವೆ ಮುಂಜಿಗಳಲ್ಲಿ ಸೋಬಾನೆ ಪದಗಳನ್ನು ಹೇಳುವುದರಲ್ಲಿ ಆ ಸೀಮೆಗೆಲ್ಲ ಹೆಸರಾಗಿದ್ದರು. ಓದುಬರಹ ಬಲ್ಲವರಲ್ಲ, ಎಲ್ಲವೂ ಬಾಯಲ್ಲಿ. ಮಗನು ಅವರ ಕಡೆಯ ವರ್ಷಗಳಲ್ಲಿ ಪಕ್ಕದಲ್ಲಿ ಕುಳಿತು ಕೇಳಿ, ಆ ಪದಗಳನ್ನು ಒಂದೊಂದಾಗಿ ತಾವೇ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿಟ್ಟರು. ಅದು ವಿಂಡೋಸ್ ಎಕ್ಸ್‌ಪಿಯ ಕಾಲ. ಆ ಯಂತ್ರ ಹೋಗಿ, ೨೦೧೬ರಲ್ಲಿ ಕೊಂಡ ಇನ್ನೊಂದಕ್ಕೆ ಆ ಕಡತಗಳು ಬಂದುವು. ತಾಯಿಯವರು ಈಗಿಲ್ಲ. ಪದಗಳನ್ನು ಬರೆದುಕೊಂಡಿದ್ದ ಪುಸ್ತಕಗಳು ಮಳೆಗಾಲವೊಂದರಲ್ಲಿ ಗೆದ್ದಲಿನ ಪಾಲಾದವು.

೨೦೧೬ರ ಯಂತ್ರ ಆರನೆಯ ಪೀಳಿಗೆಯದಾದುದರಿಂದ ಪರೀಕ್ಷೆಯಲ್ಲಿ ಅಲ್ಲವೆಂಬ ಉತ್ತರ ಬಂದಿತು. ಅಂಗಡಿಯವನು, ಕರಾರುಗಳನ್ನು ತಪ್ಪಿಸಿಕೊಂಡು ಹೊಸ ವಿಂಡೋಸನ್ನು ಹಾಕುವ ಉಪಾಯ ತನಗೆ ಗೊತ್ತು, ‘ಫಾರ್ಮ್ಯಾಟ್’ ಮಾಡಿ ಹಾಕಿಕೊಡುತ್ತೇನೆ ಎಂದನು. ಹೀಗೆ ಹಾಕಿದ ವಿಂಡೋಸ್ ನಡೆಯುವುದೇನೋ ಉಂಟು. ಆದರೆ ಅಂತಹ ಯಂತ್ರಕ್ಕೆ ಮುಂದಿನ ತಿದ್ದುಪಡಿಗಳು ಬರುವುವೆಂಬ ಭರವಸೆಯನ್ನು ಕಂಪೆನಿಯವರು ಕೊಡುವುದಿಲ್ಲ. ಭದ್ರತೆಗಾಗಿ ಮಾಡುವ ಕೆಲಸದಲ್ಲಿ ಭದ್ರತೆಯ ಭರವಸೆಯನ್ನೇ ಬಿಟ್ಟುಕೊಡುವುದು ನಮಗೆ ಒಪ್ಪಿಗೆಯಲ್ಲ.

ಅದಂತಿರಲಿ. ಯಂತ್ರವನ್ನು ಚೀಲದಲ್ಲಿಟ್ಟುಕೊಂಡು ಹೊರಟವರನ್ನು ಸೊಸೆಯು, “ಮಾವನವರೇ, ಅಜ್ಜಿಯ ಪದಗಳನ್ನು ಬೇರೆ ಎಲ್ಲಿಯಾದರೂ ಇಟ್ಟಿದ್ದೀರಾ?” ಎಂದು ಕೇಳಿದಳು. “ಅವು ಕಣ್ಣೆದುರಿಗೇ, ಡೆಸ್ಕ್‌ಟಾಪಿನ ಮೇಲೆಯೇ ಇವೆಯಲ್ಲಮ್ಮ” ಎಂದರು ಅವರು. ಕಣ್ಣೆದುರಿಗೆ ಕಾಣುವುದರಿಂದ ಅದು ಭದ್ರವೆಂಬುದು ಅವರ ಭಾವನೆ. ಆದರೆ ಡೆಸ್ಕ್‌ಟಾಪು, ಡಾಕ್ಯುಮೆಂಟ್ಸ್ ಎಂಬ ಎರಡು ಜಾಗಗಳೂ ಸಾಮಾನ್ಯವಾಗಿ ಇರುವುದು ಹಾರ್ಡ್ ಡಿಸ್ಕಿನ ‘ಸಿ’ ಎಂಬ ವಿಭಾಗದಲ್ಲಿ. ಅಂಗಡಿಯವರು ತೊಳೆದುಹಾಕುವುದು ಮೊದಲಿಗೆ ಆ ವಿಭಾಗವನ್ನೇ. ‘ಡಿ’ ವಿಭಾಗವನ್ನು ಮುಟ್ಟುವುದಿಲ್ಲವೆಂದು ಅವರು ಹೇಳುವುದು ನಿಜವಿದ್ದರೂ, ಅಲ್ಲಿ ನಾವು ಏನನ್ನೂ ಇಟ್ಟಿರುವುದಿಲ್ಲ. ಎಷ್ಟು ಮನೆಗಳ ಮದುವೆಯ ಚಿತ್ರಗಳು, ಮಕ್ಕಳ ಮೊದಲ ಹೆಜ್ಜೆಯ ಚಲನಚಿತ್ರಗಳು ಈ ಒಂದು ಅರಿವಿಲ್ಲದೆ ಅಳಿದುಹೋದುವೋ ಲೆಕ್ಕವಿಟ್ಟವರಿಲ್ಲ.

ಸೊಸೆಯು ಕಡತಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ತನ್ನ ಕಚೇರಿಯ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಕಡತ ತೆರೆಯಿತು, ಕನ್ನಡ ಕಾಣಲಿಲ್ಲ. ಪುಟದ ತುಂಬ ರೋಮನ್ ಅಕ್ಷರಗಳು, ತಲೆಯ ಮೇಲೆ ಚುಕ್ಕೆ ಕೊಂಬುಗಳುಳ್ಳ ಪರದೇಶದ ಅಕ್ಷರಗಳು, ಯಾವ ಉಚ್ಚಾರಕ್ಕೂ ಸಿಕ್ಕದ ಚಿಹ್ನೆಗಳು. ವೃದ್ಧರಿಗೆ ಇದನ್ನು ತೋರಿಸಿದಾಗ ಅವರ ಮುಖ ಬಾಡಿದುದು ಸಹಜವೇ.

ಇದು ಏತಕ್ಕೆ ಹೀಗಾಯಿತೆಂಬುದನ್ನು ಕನ್ನಡದಲ್ಲಿ ಬರೆದಿಟ್ಟಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಕಂಪ್ಯೂಟರು ಅಕ್ಷರವನ್ನು ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿ ಆ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಮೊದಲ ಕಾಲದ ಯಂತ್ರಗಳಲ್ಲಿ ಸಂಖ್ಯೆಗಳು ಗೊತ್ತಾಗಿದ್ದುದು ರೋಮನ್ ಲಿಪಿಗೆ ಮಾತ್ರ. ಆದುದರಿಂದ ಆಗಿನ ಕನ್ನಡದ ತಂತ್ರಾಂಶಗಳನ್ನು ರಚಿಸಿದವರು ಜಾಣತನದ ಒಂದು ಉಪಾಯ ಮಾಡಿದರು. ತಲೆಕಟ್ಟು, ಗುಡಿಸು, ಕೊಂಬು, ಒತ್ತು ಮುಂತಾದ ತುಂಡುಗಳನ್ನು ಬೇರೆ ಬೇರೆಯಾಗಿ ಬರೆದು, ರೋಮನ್ ಅಕ್ಷರಗಳು ಕೂರುವ ಮಣೆಗಳ ಮೇಲೆ ಅವುಗಳನ್ನು ಕೂರಿಸಿದರು. ಕಡತದೊಳಗೆ ಇರುವುದು ರೋಮನ್ ಅಕ್ಷರದ ಸಂಖ್ಯೆ. ತೆರೆಯ ಮೇಲೆ ಅದನ್ನು ಕನ್ನಡವಾಗಿ ಬರೆಯುವುದು ಆ ಫಾಂಟು. ಫಾಂಟು ಇದ್ದಲ್ಲಿ ಕನ್ನಡ, ಇಲ್ಲದಲ್ಲಿ ಕಲಸುಮೇಲೋಗರ. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನವರು ಸರ್ಕಾರದ ನೆರವಿನಿಂದ ಸಿದ್ಧಪಡಿಸಿದ ‘ನುಡಿ’, ಇವೆರಡರಿಂದ ಲಕ್ಷಾಂತರ ಕನ್ನಡಿಗರು ಕಂಪ್ಯೂಟರಿನಲ್ಲಿ ಬರೆಯುವಂತಾದರು. ಆ ಉಪಕಾರವನ್ನು ಮರೆಯಲಾಗದು. ಅವುಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟದ್ದೆಲ್ಲ ಇದೇ ಬಗೆಯದು.

ಇದಕ್ಕೆ ಭಿನ್ನವಾದುದು ಯೂನಿಕೋಡ್. ಅದರಲ್ಲಿ ಕನ್ನಡದ ಪ್ರತಿಯೊಂದು ವರ್ಣಕ್ಕೂ ಜಗತ್ತಿಗೆಲ್ಲ ಒಂದೇ ಆದ ಸ್ವಂತ ಸಂಖ್ಯೆಯುಂಟು. ಮೈಕ್ರೊಸಾಫ್ಟಿನವರ ವ್ಯವಸ್ಥೆಗಳಲ್ಲಿ ಯೂನಿಕೋಡ್ ಕನ್ನಡ ಮೊದಲು ಬಂದದ್ದು ೨೦೦೧ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಂದಿಗೆ. ವಿಂಡೋಸ್ ೧೦ ಮತ್ತು ೧೧ರಲ್ಲಿ ‘ನಿರ್ಮಲ’ ಎಂಬ ಫಾಂಟಿನಲ್ಲಿ ಕನ್ನಡವೂ ಅಡಕವಾಗಿದೆ. ತುಂಗಾ ಬೇಕೆನ್ನುವವರು ಅದನ್ನು ಐಚ್ಛಿಕ ಭಾಗವಾಗಿ ಬೇರೆಯಾಗಿ ತರಿಸಿಕೊಳ್ಳಬೇಕು. ಯೂನಿಕೋಡಿನಲ್ಲಿ ಬರೆದಿಟ್ಟದ್ದು ವಿಂಡೋಸಾಗಲಿ, ಲಿನಕ್ಸಾಗಲಿ, ಕೈಯಲ್ಲಿ ಹಿಡಿಯುವ ಫೋನಾಗಲಿ, ಎಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ.

ಉಪಾಧ್ಯಾಯರ ಮನೆಯಲ್ಲಿ ಏನು ಮಾಡಿದರೆಂದರೆ, ಮೊದಲು ಯಂತ್ರದಲ್ಲಿದ್ದ ಹಳೆಯ ಫಾಂಟುಗಳನ್ನು ಕಡತಗಳ ಜೊತೆಯಲ್ಲಿಯೇ ನಕಲು ಮಾಡಿಟ್ಟರು. ಆಮೇಲೆ ಪ್ರತಿಯೊಂದು ಕಡತವನ್ನೂ ಅದು ಕನ್ನಡವಾಗಿ ಕಾಣುತ್ತಿದ್ದಾಗಲೇ ಪಿಡಿಎಫ್ ರೂಪಕ್ಕೆ ತಿರುಗಿಸಿಕೊಂಡರು; ಫಾಂಟನ್ನು ಒಳಗೇ ಅಡಕಮಾಡಿದ ಪಿಡಿಎಫಿನಲ್ಲಿ ಅಕ್ಷರದ ಆಕಾರ ಪುಟದೊಡನೆಯೇ ಉಳಿಯುವುದರಿಂದ, ಮುಂದೆ ಫಾಂಟು ಇಲ್ಲದಿದ್ದರೂ ಓದಬಹುದು. ಮೂರನೆಯದಾಗಿ, ನುಡಿಯೊಂದಿಗೆ ಬರುವ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿದರು. ಪರಿವರ್ತನೆಯಲ್ಲಿ ಅಲ್ಲಲ್ಲಿ ಅರ್ಕಾವೊತ್ತು ಸ್ಥಾನ ತಪ್ಪಿತು, ಒತ್ತಕ್ಷರಗಳು ಕದಲಿದುವು. ಮಾವನವರು ಪಿಡಿಎಫನ್ನು ಓದುವುದು, ಸೊಸೆಯು ಯೂನಿಕೋಡಿನ ಪ್ರತಿಯಲ್ಲಿ ತಿದ್ದುವುದು, ಹೀಗೆ ಅನೇಕ ಭಾನುವಾರಗಳು ಕಳೆದುವು. ಕೆಲವು ಪದಗಳ ಧಾಟಿ ಮರೆತಿದ್ದ ವೃದ್ಧರಿಗೆ ಓದುತ್ತ ಓದುತ್ತ ಅದು ಮರಳಿತೆಂದು ಕೇಳಿ ನಮಗೂ ಸಂತೋಷವಾಯಿತು.

ಈ ಕೆಲಸಕ್ಕೆ ಕಾಲ ಬೇಕಷ್ಟೆ. ಅದಕ್ಕೆ ಅವರಿಗೆ ಒದಗಿದುದು ಕಂಪೆನಿಯವರು ಪ್ರಕಟಿಸಿದ ಒಂದು ವರ್ಷದ ವಾಯಿದೆ. ‘ವಿಸ್ತರಿಸಿದ ರಕ್ಷಣಾ ತಿದ್ದುಪಡಿ’ ಎಂಬ ಈ ಏರ್ಪಾಡಿನಲ್ಲಿ, ವಿಂಡೋಸ್ ೧೦ರ ೨೨ಎಚ್೨ ಎಂಬ ಕಡೆಯ ಆವೃತ್ತಿಯುಳ್ಳ ಮನೆಯ ಯಂತ್ರಗಳಿಗೆ ೨೦೨೬ರ ಅಕ್ಟೋಬರ್ ೧೩ರ ವರೆಗೆ ಮುಚ್ಚಿಗೆಗಳು ಬರುವುವೆಂದು ೨೦೨೫ರಲ್ಲಿ ಗೊತ್ತುಮಾಡಲಾಯಿತು. ಅದಕ್ಕೆ ೩೦ ಡಾಲರಿನಷ್ಟು ಹಣ ತೆರಬಹುದು. ಅಥವಾ ಯಂತ್ರದ ಸೆಟ್ಟಿಂಗುಗಳನ್ನು ಕಂಪೆನಿಯ ಅಂತರ್ಜಾಲದ ಉಗ್ರಾಣಕ್ಕೆ ನಕಲು ಹೋಗುವಂತೆ ಒಪ್ಪಿಕೊಂಡರೆ ಹಣವಿಲ್ಲದೆಯೇ ಸಿಗುವುದು. ಎರಡು ಬಗೆಯಲ್ಲಿಯೂ ಮೈಕ್ರೊಸಾಫ್ಟಿನಲ್ಲಿ ಒಂದು ಖಾತೆ ತೆರೆಯಬೇಕಾಗುತ್ತದೆ; ಒಂದು ಖಾತೆಯಲ್ಲಿ ೧೦ ಯಂತ್ರಗಳವರೆಗೆ ಸೇರಿಸಬಹುದು. ಇದು ಔಷಧವಲ್ಲ, ಪಥ್ಯ. ವಾಯಿದೆ ತೀರುವುದರೊಳಗೆ ಮುಂದಿನ ದಾರಿಯನ್ನು ನೋಡಿಕೊಳ್ಳಲೇಬೇಕು.

ಆ ಮುಂದಿನ ದಾರಿ ಮನೆಯಿಂದ ಮನೆಗೆ ಬೇರೆಯಾಗುವುದು. ಕೆಲವರು, ದುಡ್ಡಿನ ವ್ಯವಹಾರವೆಲ್ಲ ಈಗ ಫೋನಿನಲ್ಲಿ ನಡೆಯುತ್ತದೆ, ಕಂಪ್ಯೂಟರಿನಲ್ಲಿ ಬ್ಯಾಂಕಿನ ಮುಖವನ್ನೇ ನೋಡುವುದಿಲ್ಲ, ನಮಗೇನು ಭಯ ಎನ್ನುವರು. ಅವರು ಇ-ಅಂಚೆಯನ್ನು ಮರೆತಿರುವರು. ಬ್ಯಾಂಕು, ತೆರಿಗೆಯ ಇಲಾಖೆ, ವಿಮೆ ಮೊದಲಾದ ಎಷ್ಟೋ ಕಡೆಗಳಲ್ಲಿ ಪಾಸ್‌ವರ್ಡು ಮರೆತಾಗ ಹೊಸದು ಬರುವುದು ಆ ಅಂಚೆಯ ಮೂಲಕವೇ. ಅದನ್ನು ಹಿಡಿದವನ ಕೈಗೆ ಮನೆಯ ಅನೇಕ ಬೀಗದ ಕೈಗಳು ಬಂದಂತೆ. ಜೊತೆಗೆ ಪಾನ್ ಚೀಟಿ, ಆಧಾರ್, ನಿವೇಶನದ ಪತ್ರಗಳ ಚಿತ್ರಗಳು ಡೌನ್‌ಲೋಡ್ಸ್ ಎಂಬ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿರುವುವು. ಅಂತಹ ಯಂತ್ರವನ್ನು ಮುಚ್ಚಿಗೆಗಳಿಲ್ಲದೆ ಅಂತರ್ಜಾಲಕ್ಕೆ ಒಡ್ಡಿಡುವುದು ಸಲ್ಲದು. ಮೈಕ್ರೊಸಾಫ್ಟಿನವರ ‘ಡಿಫೆಂಡರ್’ ಎಂಬ ಕಾವಲು ತಂತ್ರಾಂಶಕ್ಕೆ ೨೦೨೮ರ ಅಕ್ಟೋಬರಿನವರೆಗೂ ಹೊಸ ಗುರುತುಪಟ್ಟಿಗಳು ಬರುವುವೆಂಬುದು ನಿಜ. ಆದರೆ ಕಾವಲುಗಾರನಿದ್ದಾನೆಂದು ಗೋಡೆಯ ಕಂಡಿಯನ್ನು ಹಾಗೆಯೇ ಬಿಡುವುದುಂಟೆ?

ಅಂತರ್ಜಾಲವೇ ಬೇಡದ ಯಂತ್ರವಾದರೆ ಮಾತು ಬೇರೆ. ಬರೆಯಲು, ಹಳೆಯ ಹಾಡು ಕೇಳಲು, ಮಕ್ಕಳು ಚಿತ್ರ ಬಿಡಿಸಲು ಇಟ್ಟುಕೊಂಡ ಯಂತ್ರದ ತಂತಿಯನ್ನು ಕಿತ್ತು, ವೈಫೈ ಗುಪ್ತಪದವನ್ನು ಮರೆಸಿ, ವಿಂಡೋಸ್ ೧೦ನ್ನೇ ಎಷ್ಟು ವರ್ಷ ಬೇಕಾದರೂ ನಡೆಸಬಹುದು. ಹೊರಗಿನಿಂದ ತಂದ ಪೆನ್ ಡ್ರೈವುಗಳ ಮೇಲೆ ಮಾತ್ರ ಕಣ್ಣಿರಲಿ.

ಲಿನಕ್ಸಿನ ವಿಚಾರವಾಗಿ ಯುವಕರು ಬಹಳ ಉತ್ಸಾಹದಿಂದ ಮಾತನಾಡುವರು. ಉಬುಂಟು, ಮಿಂಟ್ ಮುಂತಾದುವು ಬಿಟ್ಟಿಯಾಗಿ ದೊರೆಯುವುವು, ಹಳೆಯ ಯಂತ್ರಗಳಲ್ಲಿ ಹಗುರವಾಗಿ ನಡೆಯುವುವು, ಮುಚ್ಚಿಗೆಗಳೂ ಕಾಲಕ್ಕೆ ಸರಿಯಾಗಿ ಬರುವುವು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೇ ಅಲ್ಲಿಯೂ ಉಂಟಾದುದರಿಂದ ಯೂನಿಕೋಡ್ ಕನ್ನಡ ಬರೆಯುವವರಿಗೆ ಅಡ್ಡಿಯಿಲ್ಲ. ಓದು, ಬರಹ, ಅಂಚೆ, ಅಂತರ್ಜಾಲ ಇಷ್ಟೇ ಕೆಲಸವಿರುವ ಮನೆಗೆ ಇದನ್ನು ನಾವು ಸಂಕೋಚವಿಲ್ಲದೆ ಶಿಫಾರಸು ಮಾಡುವೆವು. ಆದರೆ ಟ್ಯಾಲಿಯಲ್ಲಿ ಅಂಗಡಿಯ ಲೆಕ್ಕ ಇಡುವವರು, ಹಳೆಯ ನುಡಿಯಲ್ಲಿಯೇ ಬರೆಯಬೇಕಾದವರು, ತೆರಿಗೆಯ ಕೆಲಸಕ್ಕೆ ಡಿಜಿಟಲ್ ಸಹಿಯ ಕಡ್ಡಿಯನ್ನು ಬಳಸುವವರು ಇದಕ್ಕೆ ಕೈಹಾಕುವ ಮುನ್ನ ಚೆನ್ನಾಗಿ ವಿಚಾರಿಸತಕ್ಕದ್ದು. ಅವು ವಿಂಡೋಸನ್ನೇ ನೆಚ್ಚಿರುವಂಥವು. ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ಡಿಸ್ಕನ್ನು ಮುಟ್ಟದೆ, ಪ್ರಿಂಟರು ಸ್ಕ್ಯಾನರುಗಳು ಒಗ್ಗುವುವೇ ಎಂದು ನೋಡುವ ಸೌಕರ್ಯವಿದೆ. ಅದನ್ನು ಉಪಯೋಗಿಸಿಕೊಳ್ಳಬೇಕು.

ವಿಂಡೋಸ್ ೧೧ಕ್ಕೆ ಏರುವವರಿಗೂ ಹಳೆಯ ಸಾಮಾನಿನ ವಿಚಾರ ತಪ್ಪಿದ್ದಲ್ಲ. ವಿಂಡೋಸ್ ೧೧ ಬರಿಯ ೬೪ ಬಿಟ್ಟಿನದು; ಡಾಸಿನ ಕಾಲದಿಂದ ಬಂದ ೧೬ ಬಿಟ್ಟಿನ ಲೆಕ್ಕದ ತಂತ್ರಾಂಶಗಳು ಅದರಲ್ಲಿ ನಡೆಯವು. ಕಂಪೆನಿಯವರು ೪ ಜಿಬಿ ಸ್ಮರಣೆ ಸಾಕೆನ್ನುವರು. ಅದು ಹಸಿವು ತೀರದ ಊಟ. ೮ ಜಿಬಿ ಇದ್ದು, ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಅದೇ ಯಂತ್ರ ಹೊಸದರಂತೆ ಓಡುವುದು. ಖರ್ಚು ಹೊಸ ಯಂತ್ರದ ಬೆಲೆಗಿಂತ ಎಷ್ಟೋ ಕಡಮೆ.

ಯಾವ ದಾರಿಯನ್ನು ಹಿಡಿದರೂ ಮೊದಲ ಕೆಲಸ ನಕಲು. ಹೊರಗಿನ ಡಿಸ್ಕೊಂದನ್ನು ತಂದು ಚಿತ್ರ, ಪತ್ರ, ಲೆಕ್ಕ, ಫಾಂಟು ಎಲ್ಲವನ್ನೂ ಅದಕ್ಕೆ ಇಳಿಸಿ, ಆ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲು ಇದ್ದೂ ಇಲ್ಲದಂತೆ. ಡಿಸ್ಕು ‘ಬಿಟ್‌ಲಾಕರ್’ ಎಂಬ ಬೀಗದಲ್ಲಿದ್ದರೆ ಅದರ ೪೮ ಅಂಕಿಗಳ ಸಂಕೇತವನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಬೇಕು. ಈ ಬೀಗ ಕೆಲವು ಯಂತ್ರಗಳಲ್ಲಿ ಯಜಮಾನನಿಗೆ ತಿಳಿಯದಂತೆಯೇ ಬಿದ್ದಿರುವುದುಂಟು. ಮಕ್ಕಳ ಪರೀಕ್ಷೆಯ ವಾರದಲ್ಲಿ, ವರಮಾನ ತೆರಿಗೆಯ ಲೆಕ್ಕ ಒಪ್ಪಿಸುವ ಕಡೆಯ ದಿನಗಳಲ್ಲಿ ಈ ಕೆಲಸಕ್ಕೆ ಹೊರಡಬಾರದು.

ಇನ್ನೊಂದು ಎಚ್ಚರಿಕೆ. ಮೈಕ್ರೊಸಾಫ್ಟಿನಿಂದ ಮಾತನಾಡುತ್ತಿದ್ದೇವೆ, ನಿಮ್ಮ ವಿಂಡೋಸಿನ ಅವಧಿ ಮುಗಿದಿದೆ, ಇಂಥದೊಂದು ತಂತ್ರಾಂಶವನ್ನು ಹಾಕಿಕೊಳ್ಳಿ ಎಂದು ಫೋನು ಬಂದರೆ ಅದು ವಂಚಕರದೆಂದೇ ತಿಳಿಯಬೇಕು. ಕಂಪೆನಿಯವರು ತಾವಾಗಿ ಯಾರಿಗೂ ಹಾಗೆ ಕರೆಮಾಡುವುದಿಲ್ಲ. ಹಣ ಕಳೆದುಕೊಂಡವರು ತಡಮಾಡದೆ ೧೯೩೦ ಎಂಬ ಸರ್ಕಾರಿ ಸಹಾಯವಾಣಿಗೆ ತಿಳಿಸಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ನಡುದಾರಿಯಲ್ಲಿ ತಡೆಯುವ ಸಂಭವ ಹೆಚ್ಚು.

ಹೊಸ ಯಂತ್ರವನ್ನೇ ಕೊಳ್ಳುವ ಶಕ್ತಿಯೂ ಅಗತ್ಯವೂ ಇದ್ದವರು ಕೊಳ್ಳಲಿ; ಅದರ ಬಗ್ಗೆ ನಮಗೆ ಹೇಳುವುದು ಹೆಚ್ಚಿಲ್ಲ. ಹಳ��ಯದನ್ನು ಮಾತ್ರ ಗುಜರಿಯವನ ತಕ್ಕಡಿಗೆ ಹಾಗೆಯೇ ಹಾಕಬಾರದು. ಅದರ ಡಿಸ್ಕಿನಲ್ಲಿ ಮನೆಯ ಕಾಗದಪತ್ರಗಳು ಇರುವುವು. ಅಳಿಸಿದಂತೆ ಕಂಡರೂ ಬಲ್ಲವನು ಎತ್ತಬಹುದು. ಡಿಸ್ಕನ್ನು ಬಿಚ್ಚಿಸಿ ಮನೆಯಲ್ಲಿಯೇ ಇಟ್ಟುಕೊಳ್ಳುವುದು ಸುಲಭವಾದ ಮಾರ್ಗ. ಮಿಕ್ಕ ಯಂತ್ರ ನಡೆಯುವಂತಿದ್ದರೆ ಹೊಸ ಡಿಸ್ಕೊಂದರ ಮೇಲೆ ಲಿನಕ್ಸ್ ಹಾಕಿಸಿ ಊರಿನ ಶಾಲೆಗೋ ವಾಚನಾಲಯಕ್ಕೋ ಕೊಡಬಹುದು. ನಡೆಯದಿದ್ದರೆ, ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳಂತೆ ನೋಂದಣಿಯಾದ ಮರುಬಳಕೆದಾರರಿಗೆ ಒಪ್ಪಿಸಬೇಕು. ಅದರ ಹಲಗೆಗಳಲ್ಲಿ ಸೀಸವೇ ಮೊದಲಾದ ವಿಷಗಳಿರುವುವು, ಬೀದಿಯಲ್ಲಿ ಸುಟ್ಟರೆ ಹೊಗೆ ಸುಡುವವನ ಎದೆಗೇ ಸೇರುವುದು.